ಸಂಸಾರಸ್ಥ, ಕ್ರೀಡಾಪ್ರೇಮಿ

ದೊಡ್ಡಪ್ಪ ತೀರಿಕೊಂಡಾಗ ಪತ್ರಿಕೆಯ ಶ್ರದ್ಧಾಂಜಲಿಗೆ ನಾಲ್ಕು ಸಾಲು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ‘ಕುಟುಂಬವತ್ಸಲರೂ ಕ್ರೀಡಾಪ್ರೇಮಿಯೂ ಆಗಿದ್ದರು’ ಎಂದು ಬರೆದೆ. ಅವರ ಹಿರಿಯ ಮಗ ಓದಿ ನೋಡಿ, ಕ್ರೀಡಾಪ್ರೇಮಿ ಬೇಡ ಎಂದ. “ಅಪ್ಪ ಸಂಸಾರಕ್ಕೆ ಜೀವ ತೇಯ್ದೋರು. ಅದರ ಪಕ್ಕದಲ್ಲಿ ಆಟದ ಹುಚ್ಚು ತಂದಿಟ್ರೆ ಹಗುರ ಆಗಲ್ವೇನೋ?” ಸಾವಿನ ಮನೆಯಲ್ಲಿ ವಾದ ಹೂಡುವ ಹೊತ್ತಲ್ಲ ಅದು. ಅಣ್ಣನ ಮಾತಿನಂತೆಯೇ ಅಚ್ಚಾಯಿತು. ಆದರೆ ಪ್ರಶ್ನೆ ಅಲ್ಲಿಗೆ ತೀರಲಿಲ್ಲ. ಒಬ್ಬರನ್ನು ನೆನೆಯುವುದೆಂದರೆ ಅವರು ಮಾಡಿದ್ದನ್ನು ನೆನೆಯುವುದೋ, ಅವರು ಮನಸಾರೆ ಇಷ್ಟಪಟ್ಟಿದ್ದನ್ನು ನೆನೆಯುವುದೋ? ಎರಡನೆಯದನ್ನು ಬಿಟ್ಟ ನೆನಪು ಅರ್ಧ ನೆನಪು ಎಂದೇ ನನ್ನ ವಾದ.

‘ಕುಟುಂಬವತ್ಸಲ’ ಎನ್ನುವಾಗ ನಾವು ನಮ್ಮ ಕಡೆಯಿಂದ ಮಾತಾಡುತ್ತಿರುತ್ತೇವೆ. ಫೀಸು ಕಟ್ಟಿದರು, ಮದುವೆ ಮಾಡಿದರು, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತಿದ್ದರು. ಎಲ್ಲವೂ ನಿಜ, ಎಲ್ಲಕ್ಕೂ ನಾವು ಋಣಿಗಳು. ಆದರೆ ಇದು ನಮಗೆ ಸಂದದ್ದರ ಪಟ್ಟಿ. ಅವರ ಜಾಗದಲ್ಲಿ ಇನ್ನೊಬ್ಬ ಸಜ್ಜನ ಇದ್ದಿದ್ದರೂ ಫೀಸು ಕಟ್ಟಿರುತ್ತಿದ್ದ, ಬೆಂಚಿನ ಮೇಲೆ ಕೂತಿರುತ್ತಿದ್ದ. ಕರ್ತವ್ಯದ ಘನತೆಯೇ ಅದು: ಯಾರಾದರೂ ಸರಿ, ಮಾಡಬೇಕಾದ್ದನ್ನು ಮಾಡಬೇಕು. ಹಾಗಾಗಿ ಕರ್ತವ್ಯವನ್ನಷ್ಟೇ ನೆನೆದರೆ ಅದನ್ನು ಮಾಡಿದ ಆ ಒಬ್ಬ ಮನುಷ್ಯ ಜಾರಿಹೋಗುತ್ತಾನೆ. ಅವನು ಸಿಗುವುದು ಯಾರೂ ಕೇಳದಿದ್ದರೂ, ಯಾವ ಲಾಭವಿಲ್ಲದಿದ್ದರೂ ಮನಸ್ಸು ಹರಿಸಿದ ಕಡೆಯಲ್ಲಿ.

ದೊಡ್ಡಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದರು. ಮನೆಯ ಜಮಾಖರ್ಚನ್ನು ಯಾರೋ ಬಳಸದೆ ಬಿಟ್ಟ ಹಳೇ ಡೈರಿಗಳಲ್ಲಿ ಬರೆದಿಡುತ್ತಿದ್ದರು. ಪುಟದ ತಲೆಯಲ್ಲಿ ಅಚ್ಚಾದ ತಾರೀಕನ್ನು ಹೊಡೆದು, ಪಕ್ಕದಲ್ಲಿ ಅಂದಿನದನ್ನು ಬರೆಯುತ್ತಿದ್ದರು. 1974ರ ಒಂದು ಪುಟದಲ್ಲಿ ಸೀಮೆಎಣ್ಣೆ, ರಾಗಿ ಬೀಸಿದ ಕೂಲಿ, ಹಿರಿಯ ಮಗನಿಗೆ ಸ್ಲೇಟು ಎಂದಿದೆ. ಅದರ ಕೆಳಗೆ, ನಡುವೆ ಗೆರೆಯನ್ನೂ ಎಳೆಯದೆ, ಅದೇ ಅಕ್ಷರದಲ್ಲಿ: ಕರ್ನಾಟಕ 385, ವಿಶ್ವನಾಥ್ 162, ಬ್ರಿಜೇಶ್ 106, ಬಾಂಬೆ 307. ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಹೊರಗಟ್ಟಿದ ಪಂದ್ಯ ಅದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ನಮ್ಮವರು ಮೊದಲ ಸಲ ಟ್ರೋಫಿ ಎತ್ತಿದರು. ಆ ಗೆಲುವಿನಿಂದ ದೊಡ್ಡಪ್ಪನಿಗೆ ಒಂದು ಪೈಸೆ ಹುಟ್ಟಲಿಲ್ಲ. ಆದರೂ ಅದು ಖರ್ಚಿನ ಪುಟದಲ್ಲೇ ಕೂತಿದೆ. ಸಂಸಾರ ಒಂದು ಕಡೆ, ಆಟ ಒಂದು ಕಡೆ ಎಂದು ಅವರು ಎಂದೂ ಬೇರೆ ಮಾಡಿಕೊಂಡಿರಲಿಲ್ಲ. ಬೇರೆ ಮಾಡುತ್ತಿರುವವರು ನಾವು, ಅವರು ಹೋದ ಮೇಲೆ.

ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಬಂದ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಆಟದ ಸ್ವರೂಪವನ್ನು ವಿಚಾರ ಮಾಡುತ್ತಾನೆ. ಬೇಕಿಲ್ಲದ ಅಡೆತಡೆಗಳನ್ನು ನಾವಾಗಿಯೇ ಒಪ್ಪಿಕೊಂಡು ಅವನ್ನು ದಾಟಲು ಹೆಣಗುವುದೇ ಆಟ ಎಂಬುದು ಅವನ ನಿಲುವು. ಚೆಂಡು ನೆಟ್‌ನ ಆಚೆಗೆ ಹೋಗಬೇಕು, ಅಷ್ಟೇ ಆದರೆ ಕೈಯಲ್ಲಿ ಹಿಡಿದು ಕೊಟ್ಟುಬಂದರಾಯಿತು. ವಾಲಿಬಾಲ್ ಆಡುವವನು ಹಾಗೆ ಮಾಡುವುದಿಲ್ಲ. ಜೀವನ ಒಡ್ಡುವ ಅಡೆತಡೆಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಡ ನೌಕರನಿಗಿಲ್ಲ. ಕಂಬ ಹತ್ತಲೇಬೇಕು, ಸಾಲ ತೀರಿಸಲೇಬೇಕು. ಸಂಜೆ ಸಬ್‌ಸ್ಟೇಷನ್ ಹಿಂದಿನ ಬಯಲಿನಲ್ಲಿ ನೆಟ್ ಕಟ್ಟಿದಾಗ ಮಾತ್ರ ದೊಡ್ಡಪ್ಪ ತಾವೇ ಆರಿಸಿಕೊಂಡ ಕಷ್ಟ ಎದುರಿಗಿರುತ್ತಿತ್ತು. ಅಲ್ಲಿ ಅವರು ಯಾರ ಅಪ್ಪನೂ ಅಲ್ಲ, ಯಾರ ಕೈಕೆಳಗಿನವರೂ ಅಲ್ಲ. ಅದನ್ನು ಹಗುರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆಟವನ್ನು ಇಷ್ಟಪಡುವವರು ಕೋಟ್ಯಂತರ ಜನ, ಅದರಿಂದ ಒಬ್ಬನ ಗುರುತು ಹೇಗೆ ಸಿಕ್ಕೀತು ಎಂದು ಕೇಳಬಹುದು. ಇಷ್ಟಕ್ಕೂ ಒಂದು ವಿವೇಚನೆ ಇರುತ್ತದೆ. 1983ರ ವಿಶ್ವಕಪ್‌ನಲ್ಲಿ, ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಔಟಾಗದೆ 175 ಹೊಡೆದರು. ಟಿವಿ ಚಿತ್ರೀಕರಣ ಇಲ್ಲದ ಇನಿಂಗ್ಸ್ ಅದು; ಕಂಡವರ ಬಾಯಲ್ಲೇ ಉಳಿದದ್ದು. ಆ ಮಾತು ಬಂದಾಗಲೆಲ್ಲ ದೊಡ್ಡಪ್ಪ ಕೇಳುತ್ತಿದ್ದುದು ಒಂದೇ: “ಕಪಿಲ್ ಹೊಡೆದ, ಸರಿ. ಆ ಕಡೆ ನಿಂತೋನು ಯಾರು?” ನಿಂತವರು ನಮ್ಮ ಸೈಯದ್ ಕಿರ್ಮಾನಿ. ಎಂಟು ವಿಕೆಟ್ ಬಿದ್ದ ಮೇಲೆ ಬಂದು, ಒಂಬತ್ತನೆಯ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿದ ಜೊತೆಯಾಟದಲ್ಲಿ ಔಟಾಗದೆ 24. ಊರೆಲ್ಲ 175ನ್ನು ಆರಾಧಿಸುವಾಗ ಆ 24ನ್ನು ಎದೆಗೆ ಹಚ್ಚಿಕೊಂಡ ಮನುಷ್ಯ ಎಂಥವನು ಎಂಬುದು ‘ಕುಟುಂಬವತ್ಸಲ’ ಎಂಬ ಪದಕ್ಕಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಮುಂದೆ ನಿಂತು ಹೊಡೆಯುವವನಿಗೆ ಈ ತುದಿಯಲ್ಲಿ ಒಬ್ಬ ಔಟಾಗದೆ ಉಳಿಯಬೇಕು ಎಂಬ ತಿಳಿವಳಿಕೆ ಅವರಿಗೆ ಸಂಸಾರದಿಂದ ಆಟಕ್ಕೆ ಬಂತೋ ಆಟದಿಂದ ಸಂಸಾರಕ್ಕೆ ಹೋಯಿತೋ, ಬಿಡಿಸಿ ಹೇಳಲಾರೆ. ಬಿಡಿಸಬೇಕಾದ ಅಗತ್ಯವೂ ಕಾಣೆ.

ಕನ್ನಡ ನಾಡು ಸತ್ತವರನ್ನು ನೆನೆಯುವುದರಲ್ಲಿ ಹಳೆಯ ಕೈ. ಊರೂರಲ್ಲೂ ವೀರಗಲ್ಲುಗಳಿವೆ: ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಮಣಲೇರ, ಹಂದಿಯೊಡನೆ ಸೆಣಸಿ ಸತ್ತ ತನ್ನ ‘ಕಾಳಿ’ ಎಂಬ ಬೇಟೆನಾಯಿಗೂ ಕಲ್ಲು ನಿಲ್ಲಿಸಿದ. ಆದರೆ ಕಲ್ಲಿಗೆ ಬೇಕಾದದ್ದು ಸಾವಿನ ಒಂದು ದೊಡ್ಡ ಕ್ಷಣ. ಅರವತ್ತು ಎಪ್ಪತ್ತು ವರ್ಷ ಸುಮ್ಮನೆ ಬದುಕಿದವನಿಗೆ ಅಲ್ಲಿ ಜಾಗವಿಲ್ಲ. ಅವನಿಗೆ ಜಾಗ ಕೊಟ್ಟದ್ದು ಎಡೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಇಡುವಾಗ ಅವರು ಏನು ಸಾಧಿಸಿದರು ಎಂದು ಯಾರೂ ಕೇಳುವುದಿಲ್ಲ, ಏನು ಇಷ್ಟಪಡುತ್ತಿದ್ದರು ಎಂದು ಕೇಳುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಕಟ್ಟು, ಬಾಡು ತಿನ್ನುತ್ತಿದ್ದವರಿಗೆ ಬಾಡಿನ ಸಾರು, ಹೊಸ ಪಂಚೆ. ಬದುಕಿದ್ದಾಗ ಬೀಡಿ ಬಿಡಿ ಎಂದು ಗೋಳು ಹೊಯ್ದುಕೊಂಡ ಹೆಂಡತಿಯೇ ಆ ದಿನ ಮರೆಯದೆ ಬೆಂಕಿಪೊಟ್ಟಣವನ್ನೂ ಇಡುತ್ತಾಳೆ. ಇಷ್ಟವಿಲ್ಲದೆ ಮನುಷ್ಯನಿಲ್ಲ ಎಂಬ ಈ ತಿಳಿವು ಶಾಸನಗಳಿಗಿಂತ ಆಳವಾದದ್ದು ಎಂದು ನಾನು ನಂಬುತ್ತೇನೆ. ಪತ್ರಿಕೆಯ ಶ್ರದ್ಧಾಂಜಲಿ ಅದನ್ನು ಮರೆಯಬಾರದಿತ್ತು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಅದು ಅಣ್ಣನ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ದೊಡ್ಡಪ್ಪ ರೇಡಿಯೋಗೆ ಕಿವಿ ಕೊಟ್ಟು ಕೂತ ಹೊತ್ತಿನಲ್ಲಿ ಬಚ್ಚಲ ಒಲೆಗೆ ಸೌದೆ ಒಟ್ಟಿದವರು ಯಾರು? ಮಕ್ಕಳಿಗೆ ಊಟ ಹಾಕಿದವರು ಯಾರು? ಅವರ ಬಿಡುವು ದೊಡ್ಡಮ್ಮನ ದುಡಿಮೆಯಿಂದ ಬಂದದ್ದು. ಹೆಂಗಸರ ಶ್ರದ್ಧಾಂಜಲಿಗಳನ್ನು ನೋಡಿ: ಸದ್ಗೃಹಿಣಿ, ಮಮತಾಮಯಿ. ಅಲ್ಲಿಗೆ ಮುಗಿಯಿತು. ಗಂಡಸಿಗಾದರೆ ಅಳಿಸಲಾದರೂ ಎರಡನೆಯ ಪದವೊಂದಿರುತ್ತದೆ. ಹೆಂಗಸಿಗೆ ಅದನ್ನು ಬರೆಯುವವರೇ ಇಲ್ಲ. ಹಾಗೆಂದು ಗಂಡಸಿನ ಪದವನ್ನೂ ತೆಗೆದುಹಾಕಿದರೆ ನ್ಯಾಯವಾಗುವುದಿಲ್ಲ. ಅವಳ ಪದವನ್ನು ಹುಡುಕಬೇಕು, ಹುಡುಕುವಾಗ ಅವನ ಬಗ್ಗೆ ಅಹಿತವಾದದ್ದು ಗೊತ್ತಾದರೆ ಅದನ್ನೂ ನೆನಪಿನೊಳಗೆ ಇಟ್ಟುಕೊಳ್ಳಬೇಕು.

ದೊಡ್ಡಮ್ಮನನ್ನು ಕೇಳಿದೆ. “ಸ್ಕೂಲಲ್ಲಿ ಖೋಖೋ ಆಡ್ತಿದ್ದೆ ಕಣಪ್ಪ. ಲಂಗ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಿದ್ರೆ ಕಂಬದ ಹತ್ರ ನನ್ನ ಯಾರೂ ಮುಟ್ಟೋಕಾಗ್ತಿರ್ಲಿಲ್ಲ” ಎಂದರು. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮದುವೆ. ದೊಡ್ಡಪ್ಪನಿಗೆ ಇದು ಗೊತ್ತಿತ್ತಾ ಎಂದರೆ, “ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.” ಆ ತುದಿಯಲ್ಲಿ ನಿಂತವನು ಯಾರು ಎಂದು ಜೀವನಪೂರ್ತಿ ಕೇಳಿದ ಮನುಷ್ಯ ಮನೆಯೊಳಗೆ ಅದನ್ನು ಕೇಳಿರಲಿಲ್ಲ. ನನಗೆ ನೋವಾಯಿತು. ಅವರ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ದೊಡ್ಡಮ್ಮ ಮಾತ್ರ ಆ ಮಾತನ್ನು ಅಲ್ಲಿಗೇ ಬಿಟ್ಟು, ಎಡಕ್ಕೆ ಹೋಗುವವಳಂತೆ ತೋರಿಸಿ ಬಲಕ್ಕೆ ಹೇಗೆ ತಿರುಗಬೇಕು, ಖೋ ಬೀಳುವ ಮೊದಲೇ ಬೆನ್ನ ಹಿಂದಿನ ಹುಡುಗಿಯ ಮೈ ಹೇಗೆ ಏಳಲು ತಯಾರಾಗುತ್ತದೆ, ಅದನ್ನು ಹೇಗೆ ಓದಬೇಕು ಎಂದು ವಿವರಿಸತೊಡಗಿದರು; ನಾನು ಒಂದೊಂದನ್ನೂ ಕೇಳಿ ಬರೆದುಕೊಳ್ಳುತ್ತಿದ್ದೇನೆ.