ಹೆಬ್ಬೆಟ್ಟೂ ದಾಕ್ಷಿಣ್ಯವೂ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಹಿರಿಯರೊಬ್ಬರು ಆಗಾಗ ನನ್ನ ಜೊತೆಯಾಗುತ್ತಾರೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚುವವರೆಗೆ ಅದರ ಒಡಲಲ್ಲಿ ದುಡಿದವರು. ಕಳೆದ ತಿಂಗಳು ಒಂದು ದಿನ ಅವರ ಮುಖ ಬಾಡಿತ್ತು. ಒತ್ತಾಯಿಸಿ ಕೇಳಿದ ಮೇಲೆ ಹೇಳಿದರು: ಬ್ಯಾಂಕಿನವನೆಂದು ಹೇಳಿಕೊಂಡು ಯಾರೋ ಫೋನು ಮಾಡಿದ್ದ, ಅವನು ಕೇಳಿದ ಓಟಿಪಿಯನ್ನು ಇವರು ಓದಿ ಹೇಳಿದರು, ಕೂಡಿಟ್ಟ ಹಣವೆಲ್ಲ ಹೋಯಿತು. ಹೋಗಿ ನಾಲ್ಕು ದಿನವಾಗಿತ್ತು. ಮಗನಿಗೂ ತಿಳಿಸಿರಲಿಲ್ಲ.

“ಗುರುತಿಲ್ಲದವನಿಗೆ ಏಕೆ ಹೇಳಿದಿರಿ?” ಎಂದು ನಾನು ಸ್ವಲ್ಪ ಗದರಿಸಿಯೇ ಕೇಳಿದೆ.

“ಏನು ಮಾಡಲಿ ಮೇಷ್ಟ್ರೆ, ಅವನು ಅಷ್ಟು ಮರ್ಯಾದೆಯಾಗಿ ಮಾತಾಡಿದ. ನೀವು ಯಾರು ಅಂತ ಕೇಳೋಕೆ ಸಂಕೋಚವಾಯಿತು.”

ಈ ಮಾತು ನನ್ನನ್ನು ಬಹುದಿನ ಕಾಡಿತು. ಅವರನ್ನು ಕೆಡಿಸಿದ್ದು ದುರಾಸೆಯಲ್ಲ, ದಡ್ಡತನವೂ ಅಲ್ಲ, ದಾಕ್ಷಿಣ್ಯ. ಸದ್ಗುಣವೆಂದು ನಾವು ಮಕ್ಕಳಿಗೆ ಕಲಿಸುವ ದಾಕ್ಷಿಣ್ಯವೇ ಕಳ್ಳನಿಗೆ ಬಾಗಿಲು ತೆರೆಯುವುದಾದರೆ, ಇನ್ನು ಮುಂದೆ ಕಲಿಸಬೇಕಾದದ್ದೇನು? ಎಲ್ಲರನ್ನೂ ಅನುಮಾನದಿಂದ ನೋಡಿರೆಂದೆ?

ಅನುಮಾನದ ಕಹಿಯನ್ನು ಕೆ.ಜಿ.ಎಫ್. ಚೆನ್ನಾಗಿ ಉಂಡಿದೆ. ಚಿನ್ನ ಬಚ್ಚಿಟ್ಟಿರಬಹುದೆಂದು ಗಣಿಯಿಂದ ಮೇಲೆ ಬಂದವರ ಮೈ ತಡವುತ್ತಿದ್ದ ಕಾಲವೊಂದಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಬಂದಾಗ ಅವರು ಸಾವಿರಗಟ್ಟಲೆಯಾಗಿ ಕೆಲಸ ನಿಲ್ಲಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆದದ್ದು ಅಪರಾಧಿಗಳನ್ನು ಗುರುತಿಸುವುದಕ್ಕೆ. ದುಡಿದು ತಿನ್ನುವವನಿಗೂ ಅದೇ ಮಸಿ ಎಂದರೆ ಮನಸ್ಸು ನೋಯದಿದ್ದೀತೆ?

ಇಂದು ನಾವೇ ಹೋಗಿ ಬೆರಳು ಒತ್ತುತ್ತೇವೆ: ಪಡಿತರಕ್ಕೆ, ಸಿಮ್ಮಿಗೆ, ಆಸ್ತಿಯ ನೋಂದಣಿಗೆ. ಆ ಬೆರಳನ್ನೂ ಕದಿಯಬಹುದೆಂದು 2023ರಲ್ಲಿ ಬೆಂಗಳೂರಿನಲ್ಲಿ ಬಯಲಾಯಿತು. ನೋಂದಾಯಿತ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಖಾತೆಗಳನ್ನು ಬರಿದು ಮಾಡಿದ್ದರು. ಅಲ್ಲಿ ಓಟಿಪಿಯ ತಡೆಯಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಸಾಕು. ಪಿನ್ನು ಕಳೆದರೆ ಬದಲಿಸಬಹುದು. ಹೆಬ್ಬೆಟ್ಟನ್ನು ಬದಲಿಸುವುದು ಹೇಗೆ? ಹಣ ಕಳೆದುಕೊಂಡ ಆ ಜನ ಯಾರಿಗೂ ಏನನ್ನೂ ಹೇಳಿದವರಲ್ಲ. ಆದಕಾರಣ, ಮೋಸಹೋದವರನ್ನೆಲ್ಲ ಮೂರ್ಖರೆಂದು ಕರೆಯುವ ಹಕ್ಕು ನಮಗಿಲ್ಲ.

ನನ್ನ ಜಾಣತನವಾದರೂ ಎಷ್ಟರದು? ಆ ಹಿರಿಯರನ್ನು ಗದರಿಸಿದ ನಾನು ನನ್ನ ಆಧಾರ್ ಚೀಟಿಯ ಜೆರಾಕ್ಸನ್ನು ಎಷ್ಟು ಅಂಗಡಿಗಳಲ್ಲಿ, ಎಷ್ಟು ವಸತಿಗೃಹಗಳಲ್ಲಿ ಬಿಟ್ಟು ಬಂದಿದ್ದೇನೆಂದು ಲೆಕ್ಕ ಹಾಕಲಾರೆ. “ಇದು ನಿಮಗೇಕೆ ಬೇಕು?” ಎಂದು ಒಮ್ಮೆಯೂ ಕೇಳಿದವನಲ್ಲ. ಕಾರಣ ಅದೇ, ದಾಕ್ಷಿಣ್ಯ. ಅವರು ಸಿಕ್ಕಿಬಿದ್ದರು, ನಾನು ಇನ್ನೂ ಬಿದ್ದಿಲ್ಲ. ವ್ಯತ್ಯಾಸ ಇಷ್ಟೇ.

ಮುಂದಿನ ವಾರ ಇದನ್ನೇ ಅವರೊಡನೆ ಹೇಳಿಕೊಂಡೆ. ಅವರು ಕಿಟಕಿಯಾಚೆ ನೋಡುತ್ತ ನುಡಿದರು: “ಒಳಗೆ ಕೆಲಸಕ್ಕೆ ಇಳಿದಾಗ ತಲೆ ಮೇಲಿನ ಬಂಡೆಯನ್ನು ಮೊದಲು ಸಲಾಕೆಯಿಂದ ತಟ್ಟಿ ನೋಡ್ತಿದ್ವಿ, ಮೇಷ್ಟ್ರೆ. ಸದ್ದು ಟೊಳ್ಳಾಗಿದ್ರೆ ಹಿಂದಕ್ಕೆ ಬರ್ತಿದ್ವಿ. ಬಂಡೆ ಮೇಲೆ ನಮಗೇನು ದ್ವೇಷವೆ? ಫೋನಿನಲ್ಲಿ ಮಾತ್ರ ತಟ್ಟಿ ನೋಡೋದು ಮರೆತೆ.”

ನಾನು ಹುಡುಕುತ್ತಿದ್ದ ಉತ್ತರ ಇದರಲ್ಲಿತ್ತು. ಅನುಮಾನ ಬೇರೆ, ಪರೀಕ್ಷೆ ಬೇರೆ. ಅನುಮಾನ ಮನುಷ್ಯನನ್ನು ಕಳ್ಳನೆಂದು ಮೊದಲೇ ತೀರ್ಮಾನಿಸುತ್ತದೆ; ಪರೀಕ್ಷೆ ಯಾವ ತೀರ್ಮಾನವನ್ನೂ ಮಾಡದೆ ತಟ್ಟಿ ನೋಡುತ್ತದೆ. ಪ್ರಾಮಾಣಿಕನಿಗೆ ಇದರಿಂದ ಅವಮಾನವಿಲ್ಲ. “ನಾನೇ ಬ್ಯಾಂಕಿಗೆ ಬಂದು ಮಾತಾಡುತ್ತೇನೆ” ಎಂದರೆ ನಿಜವಾದ ನೌಕರ ಒಪ್ಪುತ್ತಾನೆ. ಕಳ್ಳ ಅವಸರ ಮಾಡುತ್ತಾನೆ, ಹೆದರಿಸುತ್ತಾನೆ, ಯಾರಿಗೂ ಹೇಳಬೇಡಿ ಎನ್ನುತ್ತಾನೆ. ಅವಸರ, ಅಂಜಿಕೆ, ಗುಟ್ಟು: ಇವು ಮೂರೂ ಟೊಳ್ಳು ಬಂಡೆಯ ಸದ್ದು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಹಣ ಪಡೆಯುವುದಕ್ಕೆ ಯುಪಿಐ ಪಿನ್ನು ಬೇಕಿಲ್ಲ. ಕಳಿಸುವುದಕ್ಕೆ ಮಾತ್ರ ಬೇಕು. ಆಧಾರಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ದೊರೆಯುತ್ತದೆ. ಕೇಳಿದವರಿಗೆ ಅದನ್ನೇ ಕೊಡಬಹುದು.

ಇಷ್ಟಾದರೂ ಮೋಸಹೋದರೆ? ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲದು. ಕೂಡಲೇ ದೂರು ಕೊಟ್ಟರೆ ಹಣ ಕೈಬದಲಾಗುವ ಮುನ್ನ ತಡೆಯುವ ಸಾಧ್ಯತೆಯುಂಟು. ಅದಕ್ಕೆಂದು ಇರುವ ದೂರವಾಣಿ ಸಂಖ್ಯೆ 1930. ಬೆರಳಚ್ಚಿಗೆ ಒಲ್ಲೆನೆಂದು ಗಣಿಯ ಜನ ನಿಂತ ಇಸವಿಯೂ ಅದೇ. ನಮ್ಮ ಕಡೆಯವರು ಮರೆಯಲಾಗದ ಅಂಕಿ.

ಆ ಹಿರಿಯರು ಕಳೆದುಕೊಂಡದ್ದು ಹಣವನ್ನಷ್ಟೇ ಅಲ್ಲ. ನಾಚಿಕೆಯಿಂದ ಬಾಯಿ ಕಟ್ಟಿಕೊಂಡ ನಾಲ್ಕು ದಿನಗಳನ್ನೂ. ಆ ದಿನಗಳ ತಪ್ಪು ಅವರದೊಬ್ಬರದೇ ಅಲ್ಲ, ಕೇಳಿದೊಡನೆ ಗದರಿಸುವ ನಮ್ಮಂಥವರದು. ಮನೆಯ ಹಿರಿಯರು ಬಂದು “ಹೀಗಾಯಿತು” ಎಂದು ಅಂಜದೆ ಹೇಳುವಂತಿದ್ದರೆ, ಆ ಮನೆಗೆ ಅದಕ್ಕಿಂತ ಗಟ್ಟಿಯಾದ ಬೀಗ ಬೇಕೆ?