ಸುಳ್ಳಲ್ಲ, ವಾದವೂ ಅಲ್ಲ

ಮನೋರೋಗ ಶುಶ್ರೂಷೆಯ ಪಾಠ ಶುರುವಾದಾಗ ವಿದ್ಯಾರ್ಥಿಗಳು ನನ್ನನ್ನು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ: ‘ಗೋಡೆಯೊಳಗಿಂದ ಯಾರೋ ಬೈತಿದ್ದಾರೆ’ ಎಂದು ರೋಗಿ ಹೇಳಿದರೆ ಏನನ್ನಬೇಕು? ‘ಹೌದು’ ಎಂದರೆ ಸುಳ್ಳು. ‘ಯಾರೂ ಇಲ್ಲ, ಸುಮ್ಮನಿರಿ’ ಎಂದರೆ ನಿಜವೇ. ಆದರೆ ಆ ನಿಜ ಅವರನ್ನು ಒಂಟಿಯಾಗಿಸುತ್ತದೆ.

ನಾನು ಕಲಿಸುವ ಉತ್ತರ ಬೇರೆ: ‘ನನಗೇನೂ ಕೇಳಿಸ್ತಿಲ್ಲ. ನಿಮಗೆ ಕೇಳಿಸ್ತಿದೆ ಅಂತ ಗೊತ್ತು. ಭಯ ಆಗ್ತಿದೆಯಾ? ಆ ದನಿ ಏನಾದ್ರೂ ಮಾಡು ಅಂತಿದೆಯಾ?’

ಇದು ರೋಗಿಯನ್ನು ಪುಸಲಾಯಿಸುವ ಮಾತಲ್ಲವೇ ಎಂದು ಕೆಲವರ ಅನುಮಾನ. ನನಗೆ ಹಾಗನ್ನಿಸುವುದಿಲ್ಲ. ಗೋಡೆಯೊಳಗೆ ಯಾರೂ ಇಲ್ಲದಿರಬಹುದು, ಭಯವಂತೂ ಇದೆ. ಇರುವುದಕ್ಕೆ ಉತ್ತರ ಕೊಡುವುದು ಮೋಸವಾಗದು.

ರೋಗ ಮನಸ್ಸಿನ ಒಂದು ಭಾಗವನ್ನು ಹಿಡಿದಿರುತ್ತದೆ, ಇಡೀ ಮನುಷ್ಯನನ್ನಲ್ಲ. ಚಿಕಿತ್ಸೆಯ ಬಗ್ಗೆ ಒಬ್ಬರ ನಿರ್ಧಾರ ಉಳಿದವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಸಾಮರ್ಥ್ಯವೇ ಇಲ್ಲವೆನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ.

ದನಿ ಕೇಳಿಸುತ್ತದೆ ಎಂದವರೇ ನಾಳೆ ‘ಈ ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ’ ಎನ್ನಬಹುದು. ಅದನ್ನೂ ಭ್ರಮೆಯ ಲೆಕ್ಕಕ್ಕೆ ಬರೆದುಬಿಟ್ಟರೆ, ಔಷಧಿಯ ನಿಜವಾದ ಅಡ್ಡಪರಿಣಾಮವೊಂದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಮೊದಲ ಮಾತನ್ನು ಕೇಳಿಸಿಕೊಂಡ ನರ್ಸಿಗೇ ಅವರು ಎರಡನೆಯದನ್ನೂ ಹೇಳುವುದು.