ಇಂದಿನ ಚಿಂತನೆ: ತಾಳ್ಮೆ ಯಾರ ಸೊತ್ತು?



‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಕನ್ನಡ ಮೇಷ್ಟ್ರಾದ ನಾನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದೂ ಕೇಳಬೇಕಲ್ಲವೇ? ಅಮೆರಿಕದ ಸ್ಯಾಚೆಲ್ ಪೇಜ್ ಅವರ ಬದುಕು ನನ್ನ ಮುಂದಿಡುವ ಪ್ರಶ್ನೆ ಇದು.

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವರು ಪಿಚರ್, ನಮ್ಮ ಕ್ರಿಕೆಟ್‌ನ ಬೌಲರ್ ಇದ್ದಂತೆ. 1906ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ಪೇಜ್ ಮಹಾನ್ ಪಿಚರ್. ಕರಿಯರೆಂಬ ಒಂದೇ ಕಾರಣಕ್ಕೆ ದೊಡ್ಡ ಲೀಗ್‌ಗಳ ಬಾಗಿಲು ಅವರಿಗೆ ಮುಚ್ಚಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬಾಗಿಲಿನ ಹೊರಗೇ ಆಡಿದರು. 1948ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ತಂಡ ಕರೆದಾಗ ಅವರಿಗೆ 42 ವರ್ಷ. ಆ ಋತುವಿನಲ್ಲಿ 6 ಗೆಲುವು, 1 ಸೋಲು. 1965ರಲ್ಲಿ, 59ನೇ ವಯಸ್ಸಿನಲ್ಲಿ, ಮತ್ತೊಮ್ಮೆ ಕಣಕ್ಕಿಳಿದು ಮೂರು ಇನಿಂಗ್ಸ್ ಎಸೆದರು; ಒಂದು ರನ್ನನ್ನೂ ಕೊಡಲಿಲ್ಲ.

‘ನೋಡಿ, ತಾಳಿದರು, ಬಾಳಿದರು’ ಎನ್ನುವವರಿದ್ದಾರೆ. ಹಾಗಾದರೆ ಜೋಶ್ ಗಿಬ್ಸನ್? ಪೇಜ್ ಜೊತೆ ಆಡಿದ ದೊಡ್ಡ ಹೊಡೆತಗಾರ. 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಜಾಕಿ ರಾಬಿನ್ಸನ್ ಆ ಬಾಗಿಲು ದಾಟಿದ್ದು ಅದೇ ಏಪ್ರಿಲ್‌ನಲ್ಲಿ. ಗಿಬ್ಸನ್ ಕೂಡ ತಾಳಿದ್ದರು, ಬಾಳಲಿಲ್ಲ.

1971ರಲ್ಲಿ ಪೇಜ್ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸುವಾಗ, ಕರಿಯ ಆಟಗಾರರಿಗೆ ಬೇರೆಯದೇ ವಿಭಾಗ ಎಂದು ಮೊದಲು ಯೋಚಿಸಿದ್ದರು. ವಿರೋಧ ಎದ್ದ ಮೇಲೆ ಸಮನಾದ ಜಾಗ ಸಿಕ್ಕಿತು. ಧಾರವಾಡದಲ್ಲಿ ಹುಟ್ಟಿದ ನಮ್ಮ ಪಾಲ್ವಂಕರ್ ಬಾಲೂ ಅವರ ಬೌಲಿಂಗ್ ಪುಣೆಯ ಹಿಂದೂ ತಂಡಕ್ಕೆ ಬೇಕಿತ್ತು. ಚಹಾ ಮಾತ್ರ ಹೊರಗೆ, ಬೇರೆ ಕುಡಿಕೆಯಲ್ಲಿ. ಬೇರೆ ಲೋಟದ ಮರ್ಯಾದೆ ಎಂಥದ್ದೆಂದು ನಮಗೆ ಯಾರೂ ವಿವರಿಸಬೇಕಿಲ್ಲ.

ಖಂತಿ, ಅಂದರೆ ತಾಳ್ಮೆ, ಹತ್ತು ಪಾರಮಿಗಳಲ್ಲಿ ಒಂದು. ಅದು ನನ್ನ ಮನಸ್ಸನ್ನು ದ್ವೇಷದಿಂದ ಕಾಯುತ್ತದೆ. ಅದನ್ನು ಅಭ್ಯಾಸ ಮಾಡಬೇಕಾದವನು ನಾನು. ಬಾಗಿಲು ಮುಚ್ಚಿದವನು ನನ್ನಿಂದ ವಸೂಲಿ ಮಾಡುವಂಥದ್ದಲ್ಲ. ಪೇಜ್ ಅವರ ತಾಳ್ಮೆ ಪೇಜ್ ಅವರ ಸಂಪತ್ತು. ಕಾಯಿಸಿದವರಿಗೆ ಅದರಿಂದ ಪುಣ್ಯ ಬರುವುದಿಲ್ಲ. ಕೊನೆಗೆ ಬಾಗಿಲು ತೆರೆದದ್ದೂ ಉಪಕಾರವಲ್ಲ, ಬಾಕಿ ತೀರಿಸಿದ್ದು. ಅದೂ ಅಸಲಿನಲ್ಲಿ ಒಂದು ಪಾಲು ಮಾತ್ರ. ಕಳೆದ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಇಂದು ಯಾರಾದರೂ ‘ಸ್ವಲ್ಪ ತಾಳಿ’ ಎಂದರೆ ಕೇಳೋಣ: ಎಷ್ಟು ದಿನ? ಅಷ್ಟರಲ್ಲಿ ಕಳೆದುಕೊಳ್ಳುವವರು ಯಾರು? ಕೇಳುವ ದನಿಯಲ್ಲಿ ದ್ವೇಷ ಬೇಡ. ಆದರೆ ಕೇಳದೆ ಇರುವುದು ಖಂತಿಯಲ್ಲ.

ಭವತು ಸಬ್ಬ ಮಂಗಲಂ.